ವ್ಯತ್ಯಾಸ ಕಂಡುಬಂದಿಲ್ಲ

ಅಮ್ಮ ಒಂದು ಮೂಲೆ ಮುರಿದು ಬಾಯಿಗಿಟ್ಟುಕೊಂಡಳು, ಎರಡು ಸಲ ಅಗಿದಳು, ಮೂರನೆಯ ಸಲಕ್ಕೆ ನಿಲ್ಲಿಸಿ ಮಗಳ ಮುಖ ನೋಡಿದಳು. ಆಮೇಲೆ ಕರವಸ್ತ್ರ ತೆಗೆದು, ಬಾಯಲ್ಲಿದ್ದುದನ್ನು ಅದಕ್ಕೆ ಒಪ್ಪಿಸಿ, ನಾಲ್ಕು ಮಡಿಕೆ ಮಡಿಸಿ ದಿಂಬಿನ ಪಕ್ಕಕ್ಕಿಟ್ಟಳು.

"ಇದು ನಮ್ಮದಲ್ಲ ಕಣೇ."

"ನಮ್ಮದೇ ಅಮ್ಮ. ಈ ವಾರ ನನ್ನ ಕಣ್ಣೆದುರಿಗೇ ಒಲೆಯಿಂದ ಬಂದದ್ದು. ಪೊಟ್ಟಣ ತೋರಿಸ್ಲಾ?"

"ಪೊಟ್ಟಣ ನಮ್ಮದೇ. ಒಳಗಿರೋದು ಯಾರದ್ದೋ."

ಅಮ್ಮ ಹೀಗೆ ನಿರಾಕರಿಸಿದ್ದು ಊರಿನ ಫ್ಯಾಕ್ಟರಿಯ ಟೋಸ್ಟರ್ ಪೇಸ್ಟ್ರಿಯನ್ನು. ಹಿಟ್ಟಿನ ಎರಡು ತೆಳು ಹಾಳೆಗಳ ನಡುವೆ ಸ್ಟ್ರಾಬೆರಿ ಜಾಮ್ ಇಟ್ಟು, ಅಂಚು ಒತ್ತಿ ಮುಚ್ಚಿ, ಮೈಗೆ ಒಂಬತ್ತು ತೂತು ಚುಚ್ಚಿ, ಬೇಯಿಸಿ, ಮೇಲೆ ಸಕ್ಕರೆಯ ಬಿಳಿ ಲೇಪ ಬಳಿದದ್ದು. ತಿನ್ನುವವರು ಅದನ್ನು ಬ್ರೆಡ್ಡಿನ ಹಾಗೆ ಟೋಸ್ಟರಿನ ಬಾಯೊಳಗೆ ನಿಲ್ಲಿಸಿ ಬಿಸಿ ಮಾಡಿಕೊಳ್ಳುತ್ತಾರೆ. ಊರವರು ಅದನ್ನು ಲಕೋಟೆ ಅನ್ನುತ್ತಾರೆ. ಫ್ಯಾಕ್ಟರಿಯ ದೊಡ್ಡವರಿಗೆ ಆ ಹೆಸರು ಕಂಡರಾಗದು, ಆದರೆ ಅವರ ಮನೆಮಕ್ಕಳೂ ಹಾಗೇ ಅನ್ನುತ್ತಾರೆ.

ಆ ಒಂಬತ್ತು ತೂತುಗಳನ್ನು ಹತ್ತೊಂಬತ್ತು ವರ್ಷ ಕೈಯಿಂದ ಚುಚ್ಚಿದವಳು ಅಮ್ಮ. ಚುಚ್ಚುವ ಯಂತ್ರ ಬಂದ ದಿನ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಮನೆಗೆ ಬಂದಳು. "ಮಿಶಿನ್ನು ಚುಚ್ಚಿದ್ದನ್ನ ನಾನು ಬಾಯಿಗಿಡಲ್ಲ" ಎಂದು ಶಪಥ ಮಾಡಿ ಇಪ್ಪತ್ತು ವರ್ಷ ಹಾಗೆಯೇ ನಡೆದುಕೊಂಡಳು. ಮಗಳು ಅಷ್ಟರಲ್ಲಾಗಲೇ ಅದೇ ಫ್ಯಾಕ್ಟರಿಯ ರುಚಿ ಪರೀಕ್ಷೆಯ ಕೋಣೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿ ಅವಳಿಗೆ 'ನಾಲಿಗೆ' ಎಂದೇ ಹೆಸರು. ನಾಲಿಗೆ ಇವತ್ತು ರಜೆ, ನಾಲಿಗೆಗೆ ಪ್ರಮೋಷನ್ ಆಯಿತಂತೆ, ನಾಲಿಗೆ ಮದುವೆ ಆಗಲೇ ಇಲ್ಲವಲ್ಲ ಪಾಪ, ಹೀಗೆ ಇಡೀ ಹೆಂಗಸನ್ನು ಆ ಒಂದು ಅಂಗದಲ್ಲಿ ಮುಗಿಸುತ್ತಿದ್ದರು. ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆಯಿತ್ತು.

ಐದು ತಿಂಗಳ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಕೂಡಿಕೊಂಡಿತು, ಹಸಿವು ವಾಪಸು ಬರಲಿಲ್ಲ. ತಟ್ಟೆ ಮುಂದಿಟ್ಟರೆ ಎರಡು ಚಮಚ ತಿಂದು, ಆಫೀಸಿನವರು ಕಡತ ತಳ್ಳುವ ಹಾಗೆ ತಳ್ಳುತ್ತಿದ್ದಳು. ನಲವತ್ತೊಂದು ಕಿಲೋ ಇದ್ದವಳು ಮೂವತ್ತಾರಕ್ಕೆ ಇಳಿದಳು. ಮೊದಮೊದಲು ಉದ್ದದ ಪಥ್ಯದ ಚೀಟಿ ಬರೆಯುತ್ತಿದ್ದ ಡಾಕ್ಟರು ಈಚೆಗೆ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. "ಪಥ್ಯ ಗಿಥ್ಯ ಏನೂ ಬೇಡ. ಏನು ಕೇಳ್ತಾರೋ ಅದನ್ನ ಕೊಡಿ. ತಿಂದ್ರೆ ಉಳೀತಾರೆ" ಎಂದರು. ಡಾಕ್ಟರು ಪಥ್ಯ ಬಿಡಿಸಿದರೆ ಏನರ್ಥ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕಷ್ಟವೆಂದರೆ ಅಮ್ಮ ಏನನ್ನೂ ಕೇಳುತ್ತಿರಲಿಲ್ಲ. ಹಾಗಿದ್ದವಳು ಈ ಭಾನುವಾರ ಬೆಳಿಗ್ಗೆ ತಾನಾಗಿಯೇ, "ಒಂದು ಲಕೋಟೆ ತಿನ್ನಬೇಕು ಅನ್ನಿಸ್ತಿದೆ ಕಣೇ" ಅಂದಳು. ಇಪ್ಪತ್ತು ವರ್ಷದ ಶಪಥ ಒಂದು ವಾಕ್ಯದಲ್ಲಿ ಮುರಿಯಿತು. ನಾಲಿಗೆ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಅಂಗಡಿಗೆ ಓಡಿದಳು. ಓಡಿ ತಂದದ್ದು ಈಗ ಕರವಸ್ತ್ರದ ನಾಲ್ಕು ಮಡಿಕೆಯೊಳಗಿತ್ತು.

ಅಮ್ಮನ ರುಚಿಯೇ ಕೆಟ್ಟಿದೆ ಎಂದುಕೊಂಡಳು ನಾಲಿಗೆ. ಎಪ್ಪತ್ತೆಂಟು ವರ್ಷ, ಹದಿನಾಲ್ಕು ಬಗೆಯ ಮಾತ್ರೆ, ಕೆಡದೆ ಇನ್ನೇನಾದೀತು? ಬೇರೆ ಮಗಳಾಗಿದ್ದರೆ ಅಷ್ಟಕ್ಕೆ ಸುಮ್ಮನಾಗುತ್ತಿದ್ದಳು. ಇವಳು ವೃತ್ತಿಯವಳು, ಪರೀಕ್ಷೆ ಮಾಡಿದಳು.

ಅವರ ಕೋಣೆಯ ಪದ್ಧತಿ ಸರಳ. ಮೂರು ತಟ್ಟೆ, ಮೂರರಲ್ಲಿ ಎರಡು ಒಂದೇ ಮಾಲು, ಒಂದು ಬೇರೆ. ಬಣ್ಣ ಗೊತ್ತಾಗಬಾರದೆಂದು ಕೆಂಪು ದೀಪ. ತಟ್ಟೆಗೆ ಹೆಸರಿಲ್ಲ, ಮೂರಂಕಿಯ ಸಂಖ್ಯೆ ಮಾತ್ರ. ನಡುನಡುವೆ ಒಂದು ಗುಟುಕು ನೀರು. ಬೇರೆ ಯಾವುದೆಂದು ಗುರುತಿಸಬೇಕು. ಪರೀಕ್ಷಕರಿಗೆ ಗುರುತಿಸಲಾಗದೆ ಹೋದರೆ ಚೀಟಿಯ ಮೇಲೆ 'ವ್ಯತ್ಯಾಸ ಕಂಡುಬಂದಿಲ್ಲ' ಎಂದು ಬರೆದು ರುಜು ಹಾಕುವುದು.

ನಾಲಿಗೆ ಬೇರೆ ಕಂಪನಿಯದೊಂದು ಪೇಸ್ಟ್ರಿ ತಂದು, ಅಮ್ಮನ ಮಂಚದ ಮುಂದೆ ಸ್ಟೂಲಿನ ಮೇಲೆ ಮೂರು ತಟ್ಟೆ ಇಟ್ಟಳು. 417, 263, 905.

"ಇದೇನೇ ಇದು, ನನಗೇ ಪರೀಕ್ಷೆನಾ? ಹೆತ್ತವಳು ಅನ್ನೋ ಮರ್ಯಾದೆ ಬೇಡ್ವಾ?"

"ಮರ್ಯಾದೆ ಇದೆ, ಅದಕ್ಕೇ ಒಳ್ಳೆ ತಟ್ಟೆ ತೆಗೆದಿದೀನಿ. ಸ್ವಲ್ಪ ಸ್ವಲ್ಪ ತಿನ್ನು. ಬೇರೆ ಯಾವುದು ಹೇಳು."

ಅಮ್ಮ ಹೇಳಿದಳು. ತಟ್ಟೆಗಳನ್ನು ಅದಲು ಬದಲು ಮಾಡಿದಾಗ ಮತ್ತೆ ಹೇಳಿದಳು. ನಾಲಿಗೆ ಕೊನೆಗೆ ಒಂದೇ ಕಂಪನಿಯ ಮಾಲನ್ನು, ಒಂದು ಈ ವಾರದ್ದು ಒಂದು ಎರಡು ತಿಂಗಳ ಹಿಂದಿನದು, ಬೆರೆಸಿಟ್ಟು ಮೋಸ ಮಾಡಲು ನೋಡಿದಳು. ಅಮ್ಮ ಅದಕ್ಕೂ ಬಗ್ಗಲಿಲ್ಲ. "ಇದು ಹಳೇದು, ಎಣ್ಣೆ ಮುಗ್ಗಲು ಹಿಡಿಯೋಕೆ ಶುರುವಾಗಿದೆ. ತೇವ ಇರೋ ಕಡೆ ಇಟ್ಟಿದಾರೆ. ತಗಡಿನ ಡಬ್ಬೀಲಿ ಇಡಬೇಕು ಅಂತ ಗೊತ್ತಿಲ್ವಾ ನಿಮಗೆ?"

ಒಂಬತ್ತು ಸರದಿ, ಒಂಬತ್ತೂ ಸರಿ. ಪರೀಕ್ಷೆ ಕೋಣೆಯ ಆರು ಜನರಲ್ಲಿ ಯಾರೂ, ನಾಲಿಗೆಯೂ ಸೇರಿ, ಹಾಗೆ ತೆಗೆದವರಿಲ್ಲ. ಅಮ್ಮನ ನಾಲಿಗೆ ಸರಿಯಾಗಿಯೇ ಇದೆ ಎಂದಾಯಿತು. ಅಂದ ಮೇಲೆ ಕೆಟ್ಟಿರುವುದು ಬೇರೆ ಎಲ್ಲೋ.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕಡತಗಳ ಕೋಣೆಗೆ ಹೋಗಿ ಬೀರು ತೆಗೆದಳು. ಬೆಣ್ಣೆಯಲ್ಲಿ ಅರ್ಧ ತೆಗೆದು ವನಸ್ಪತಿ ಸೇರಿಸಿದ ವರ್ಷದ ಚೀಟಿ ಸಿಕ್ಕಿತು. ಉಳಿದರ್ಧವನ್ನೂ ತೆಗೆದದ್ದು, ಸಕ್ಕರೆಯ ಬದಲಿಗೆ ಪಾಕ ಬಂದದ್ದು, ಉಪ್ಪು ಕಡಿಮೆಯಾದದ್ದು, ಒಲೆಯಲ್ಲಿ ನಲವತ್ತು ಸೆಕೆಂಡು ಉಳಿಸಿದ್ದು, ಏಳು ವರ್ಷದ ಹಿಂದೆ ನದಿಯಾಚೆಯ ಹಣ್ಣಿನ ಕಾರ್ಖಾನೆ ಮುಚ್ಚಿದಾಗ ಸ್ಟ್ರಾಬೆರಿಯ ತಿರುಳು ಹೋಗಿ ಸೇಬಿನ ತಿರುಳಿಗೆ ಬಣ್ಣ ಹಾಕಿದ್ದು. ಒಟ್ಟು ಮೂವತ್ತೊಂದು ಬದಲಾವಣೆ. ಪ್ರತಿಯೊಂದರ ಚೀಟಿಯ ಮೇಲೂ ಅದೇ ಮಾತು, ವ್ಯತ್ಯಾಸ ಕಂಡುಬಂದಿಲ್ಲ, ಕೆಳಗೆ ಅವಳದೇ ರುಜು. ಮೊದಲ ಚೀಟಿಗಳಲ್ಲಿ ದುಂಡಗೆ, ಪೂರ್ತಿ ಹೆಸರು. ಬರಬರುತ್ತಾ ಒಂದು ಗೀಟು.

ಅವಳು ಒಂದರಲ್ಲೂ ಸುಳ್ಳು ಹೇಳಿರಲಿಲ್ಲ. ನಿಜಕ್ಕೂ ಕಂಡಿರಲಿಲ್ಲ. ಹೋಲಿಸಿ ನೋಡಲು ಒಂದು ಮಾದರಿ ಇಡುತ್ತಾರಲ್ಲ, ಅದು ಹಳತಾಗುತ್ತದೆಂದು ಆರು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಹೊಸತನ್ನು ಹಳೆಯದರ ಜೊತೆ ಹೋಲಿಸಿ ಪಾಸು ಮಾಡಿದರೆ ಆಮೇಲೆ ಅದೇ ಮಾದರಿ. ಮೂವತ್ತೊಂದು ಹೆಜ್ಜೆ, ಒಂದೊಂದೂ ಕೂದಲೆಳೆಯಷ್ಟು. ಮನೆಯನ್ನು ದಿನಕ್ಕೊಂದು ಇಟ್ಟಿಗೆಯಂತೆ ಎತ್ತಿಕೊಂಡು ಹೋದರೆ ಒಳಗೆ ಮಲಗಿದವನಿಗೆ ಎಂದು ಎಚ್ಚರವಾಗಬೇಕು?

"ಸಾರ್, ನಮ್ಮಲ್ಲಿ ಮೊಟ್ಟಮೊದಲನೇ ಮಾದರಿ ಎಲ್ಲಾದ್ರೂ ಇಟ್ಟಿದೀವಾ?" ಎಂದು ಲ್ಯಾಬಿನ ಮುಖ್ಯಸ್ಥರನ್ನು ಕೇಳಿದಳು.

ಬಿಳಿ ಕೋಟಿನ ಆ ಮನುಷ್ಯ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು. ಪ್ರಶ್ನೆ ಅರ್ಥವಾಗದೆ ಕನ್ನಡಕ ತೆಗೆದರು.

"ಮೊದಲನೇದು ಅಂತ ಇರಲ್ಲ ಮೇಡಂ. ಹಿಂದಿನದು ಇರುತ್ತೆ."

ಉಗ್ರಾಣದವನು ಮಾತ್ರ ಒಂದು ಉಪಕಾರ ಮಾಡಿದ. ಕೆಳಗಿನ ಕಪಾಟಿನ ಮೂಲೆಯಿಂದ ನದಿಯಾಚೆಯ ಆ ಹಳೆಯ ಸ್ಟ್ರಾಬೆರಿ ತಿರುಳಿನ ಮೂರು ಡಬ್ಬ ಹೊರಗೆಳೆದ. ಬೆಸುಗೆ ಗಟ್ಟಿಯಾಗಿತ್ತು, ಎಲ್ಲೂ ಉಬ್ಬಿರಲಿಲ್ಲ. "ತಗೊಂಡ್ಹೋಗಿ ಮೇಡಂ, ಇದಕ್ಕೆ ವಾರಸುದಾರರೇ ಇಲ್ಲ. ನನ್ನ ಕಾಲಿಗೆ ತಗಲಿ ತಗಲಿ ಸಾಕಾಗಿದೆ." ಮೂವತ್ತೊಂದು ಚೀಟಿಗಳ ಅಡಿಯಲ್ಲಿ ಮೊದಲಿನ ಅಳತೆಯ ಕಾರ್ಡೂ ಸಿಕ್ಕಿತು. ಜಗತ್ತಿನಲ್ಲಿ ಇನ್ನು ಉಳಿದದ್ದು ಆ ಮೂರು ಡಬ್ಬ, ಡಬ್ಬಕ್ಕೆ ಎಂಟು ಲಕೋಟೆ.

ಮುಂದಿನ ಭಾನುವಾರ ಅಡುಗೆಮನೆಯಲ್ಲಿ ಅಮ್ಮನಿಗೊಂದು ಕುರ್ಚಿ ಹಾಕಿ ಬೆನ್ನಿಗೆ ದಿಂಬು ಕೊಟ್ಟರು. ಕೊಟ್ಟವನು ಅಣ್ಣ, ಎರಡು ಬೀದಿ ಆಚೆ ಸಂಸಾರ ಹೂಡಿರುವ ಬಸ್ ಡ್ರೈವರು. ಭಾನುವಾರ ಅಮ್ಮನನ್ನು ಎತ್ತಿ ಕೂರಿಸುವುದು ಅವನ ಪಾಲಿನ ಕೆಲಸ. ಅಮ್ಮ ಕುರ್ಚಿಯೇರಿದ ಕೂಡಲೇ ಮೇಸ್ತ್ರಿಯಾದಳು.

"ಬೆಣ್ಣೆ ತಣ್ಣಗಿರಬೇಕು. ಕರಗಿಸ್ತಿದೀಯಲ್ಲೇ, ನಿನ್ನ ಕೈಯೇನು ಇಸ್ತ್ರಿಪೆಟ್ಟಿಗೆನಾ? ಬೆರಳ ತುದೀಲಿ ಉಜ್ಜು. ಹಾಂ. ಈಗ ಹಿಟ್ಟು ಮುಚ್ಚಿಟ್ಟು ಅರ್ಧ ಗಂಟೆ ಅದರ ತಂಟೆಗೆ ಹೋಗಬೇಡ."

ತಿರುಳಿಗೆ ಸಕ್ಕರೆ ಹಾಕಿ, ಚಮಚದ ಬೆನ್ನಿಗೆ ಅಂಟುವ ತನಕ ಕುದಿಸಿದ್ದಾಯಿತು. ಹಿಟ್ಟು ಲಟ್ಟಿಸಿ, ಅಳತೆಗೆ ಕತ್ತರಿಸಿ, ನಡುವೆ ಜಾಮ್ ಇಟ್ಟು, ಅಂಚಿಗೆ ನೀರು ಸವರಿ ಫೋರ್ಕಿನಿಂದ ಒತ್ತಿದ್ದಾಯಿತು. ತೂತು ಚುಚ್ಚುವಾಗ ಮಾತ್ರ ಅಮ್ಮ ಕೈ ಚಾಚಿದಳು. ಫೋರ್ಕು ಇಸಿದುಕೊಂಡು ತಾನೇ ಚುಚ್ಚಿದಳು. ಮೂರರ ಮೂರು ಸಾಲು, ಎಂಟು ಲಕೋಟೆಗೂ. ಅಣ್ಣ ಬಾಗಿಲಿಗೊರಗಿ ನಿಂತು, "ಅಮ್ಮ, ಫ್ಯಾಕ್ಟರಿಯವರು ಮಿಶಿನ್ನು ವಾಪಸು ಕಳಿಸ್ತಾರಂತೆ" ಅಂದ. ಅಮ್ಮ ನಕ್ಕಳು. ಐದು ತಿಂಗಳಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಬೆಂದು, ಆರಿ, ಮತ್ತೆ ಟೋಸ್ಟರಿಗೆ ಹೋದವು. ಟೋಸ್ಟರಿನ ವಿಷಯದಲ್ಲಿ ಅಮ್ಮನದು ಕಟ್ಟುನಿಟ್ಟು. ಒಂದೇ ಸಲ ಬಿಸಿ ಮಾಡಬೇಕು, ಎದುರಿಗೇ ನಿಂತಿರಬೇಕು, ಹೊರಬಂದ ಮೇಲೆ ನಲವತ್ತು ಎಣಿಸಬೇಕು. ಇಲ್ಲದಿದ್ದರೆ ಜಾಮ್ ಬಾಯಿ ಸುಡುತ್ತದೆ. "ಟೋಸ್ಟರಿಗೆ ಹಾಕಿ ಆಚೆ ಹೋಗೋರು ಮಕ್ಕಳನ್ನೂ ಹಾಗೇ ಸಾಕ್ತಾರೆ" ಎಂಬುದು ಸೊಸೆಯನ್ನು ಕುರಿತು ಅವಳು ಮೊದಲಿಂದ ಹೇಳುತ್ತಿದ್ದ ಮಾತು. ತಿನ್ನುವುದಕ್ಕೂ ಕ್ರಮವಿತ್ತು. ಮೊದಲು ಒಂದು ಮೂಲೆ ಮುರಿದು ಹಬೆ ಬಿಡುವುದು, ಆಮೇಲೆ ಒಣ ಅಂಚುಗಳನ್ನು ಸುತ್ತಲೂ ತಿಂದು ಮುಗಿಸುವುದು, ಜಾಮ್ ಇರುವ ನಡುವನ್ನು ಕೊನೆಗೆ ಉಳಿಸಿಕೊಳ್ಳುವುದು.

ಅಮ್ಮ ಅಂಚು ತಿಂದಳು. ನಡುವನ್ನೂ ತಿಂದಳು. ಕರವಸ್ತ್ರ ಹೊರಗೆ ಬರಲಿಲ್ಲ.

"ಹತ್ತಿರ ಬಂದಿದೆ."

"ಏನು ಕಮ್ಮಿ ಅಮ್ಮ?"

"ಕಮ್ಮಿ ಏನೂ ಇಲ್ಲ. ಫ್ಯಾಕ್ಟರಿ ಒಲೆ ಅಲ್ಲವಲ್ಲ, ಅಷ್ಟೇ."

ಸಂಜೆ ಇನ್ನೊಂದು ತಿಂದಳು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ 'ಹತ್ತಿರ' ಎಂಬ ಮಾತು ರುಚಿ ಪರೀಕ್ಷೆ ಮಾಡುವವರ ಕಿವಿಗೆ ಬೀಳಬಾರದು. ನಾಲಿಗೆ ತಾನೂ ಒಂದು ತಿಂದಳು. ಅವಳಿಗದು ಕೊಂಚ ಹುಳಿಯೆನಿಸಿತು, ಉಪ್ಪು ಮುಂದಾಗಿತ್ತು, ಬೆಣ್ಣೆಯ ವಾಸನೆ ಢಾಳಾಗಿತ್ತು, ಹಣ್ಣು ತುಸು ಕಮರಿದಂತಿತ್ತು. ಹತ್ತಿರ ಬಂದದ್ದನ್ನು ಪೂರ್ತಿ ಮುಟ್ಟಿಸಿಬಿಡಬೇಕೆಂದು ಇನ್ನೊಂದು ತಿಂದಳು, ಎಲ್ಲಿ ತಪ್ಪಿದೆ ಎಂದು ಹುಡುಕಿದಳು, ಕತ್ತರಿಸಿ ಬಿಸಿಯಾಗಿ, ತಣ್ಣಗೆ, ಮಾರನೆಯ ದಿನ ಹಳಸಲಾಗಿ ನೋಡಿದಳು. ಎಂಟು ಲಕೋಟೆಯಲ್ಲಿ ಎರಡನ್ನು ಅಮ್ಮ ತಿಂದಳು, ಆರನ್ನು ಪರೀಕ್ಷೆ ತಿಂದಿತು. ಕೋಣೆಯ ಪದ್ಧತಿ ಬಿಡಲಾರದೆ ಕಾಲು ತುಂಡನ್ನು ಮಾತ್ರ ಬೆಳ್ಳಿಹಾಳೆಯಲ್ಲಿ ಸುತ್ತಿ, ದಿನಾಂಕ ಬರೆದು, ಫ್ರಿಜ್ಜಿನ ಮೇಲಿನ ಖಾನೆಯ ಹಿಮದಲ್ಲಿಟ್ಟಳು. ಮಾದರಿ.

ಬುಧವಾರ ಎರಡನೆಯ ಡಬ್ಬ ಒಡೆದಳು. ಈ ಸಲ ಉಪ್ಪು ತಗ್ಗಿಸಿದಳು, ಬೆಣ್ಣೆ ಸ್ವಲ್ಪ ಹಿಂದೆ ಸರಿಯಿತು, ಹುಳಿಗೆ ಸಕ್ಕರೆ ಸೇರಿತು. ಅವಳ ಬಾಯಿಗೆ ಎಷ್ಟೋ ವಾಸಿ. ಅಮ್ಮ ಅರ್ಧ ತಿಂದಳು. "ದೂರ ಹೋಯ್ತಲ್ಲೇ" ಅಂದಳು.

ದೂರ ಹೋದದ್ದು ಯಾಕೆಂದು ಯೋಚಿಸಿ, ಭಾನುವಾರ ಮೂರನೆಯ ಡಬ್ಬದಲ್ಲಿ ಇನ್ನೂ ಎಚ್ಚರ ವಹಿಸಿದಳು. ಜಾಮ್ ಕುದಿಯುವಾಗ ಇಪ್ಪತ್ತು ಸಲ ರುಚಿ ನೋಡಿದಳು. ಬಾಯಲ್ಲಿ 'ಹಾಂ, ಇದು' ಎನ್ನಿಸಿದ ಕ್ಷಣಕ್ಕೆ ಒಲೆ ಆರಿಸಿದಳು. ಅಷ್ಟು ಖಚಿತವಾಗಿ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅಮ್ಮ ಮೂಲೆ ಮುರಿದು ಅಗಿದಳು. ಕರವಸ್ತ್ರ ಬಂತು.

"ಇದು ನಿಮ್ಮ ಫ್ಯಾಕ್ಟರೀದೇ. ಯಾಕೆ ಸುಮ್ನೆ ಮನೇಲಿ ಮಾಡೋಕೆ ಹೋದೆ?"

ನಾಲಿಗೆ ಅಡುಗೆಮನೆಗೆ ಹೋಗಿ ಅಣ್ಣನನ್ನು ಕರೆದಳು. ತಾನು ಗೋಡೆಗೆ ಮುಖ ಮಾಡಿ ನಿಂತು, ಫ್ಯಾಕ್ಟರಿಯದನ್ನೂ ಈಗ ಮಾಡಿದ್ದನ್ನೂ ಮೂರು ಮೂರು ತಟ್ಟೆಯಲ್ಲಿ ಬೇಕಾದ ಹಾಗೆ ಇಡಲು ಹೇಳಿದಳು. ಹನ್ನೆರಡು ಸರದಿ. ಅಣ್ಣ ಇಸ್ಪೀಟು ಕಲೆಸುವ ಹುಮ್ಮಸ್ಸಿನಲ್ಲಿ ಇಟ್ಟ. ಹನ್ನೆರಡರಲ್ಲಿ ಅವಳದು ನಾಲ್ಕು ಸರಿಹೋಯಿತು.

"ನಾಲ್ಕು ಅಂದ್ರೆ ಪರವಾಗಿಲ್ವಾ?" ಅಂದ ಅಣ್ಣ. "ನಾನಾದ್ರೆ ತಿನ್ನದೇ ಕಣ್ಮುಚ್ಚಿ ಬೆಟ್ಟು ಮಾಡಿದ್ರೂ ನಾಲ್ಕು ಬರ್ತಿತ್ತೇನಪ್ಪ."

"ಬರ್ತಿತ್ತು ಅಣ್ಣ. ನಾಲ್ಕು ಅಂದ್ರೆ ಅದೇ."

ಒಳ್ಳೆಯ ಬೆಣ್ಣೆ, ಒಳ್ಳೆಯ ಹಣ್ಣು, ಮೂಲದ ಕಾರ್ಡು, ಎಲ್ಲ ಕೈಯಲ್ಲಿಟ್ಟುಕೊಂಡು ಅವಳು ತನ್ನ ನಾಲಿಗೆಯನ್ನೇ ನೆಚ್ಚಿ ತಿದ್ದುತ್ತಾ ತಿದ್ದುತ್ತಾ ನೆಟ್ಟಗೆ ಫ್ಯಾಕ್ಟರಿಯ ಗೇಟಿಗೆ ಬಂದು ನಿಂತಿದ್ದಳು. ಮೂವತ್ತೊಂದು ಬದಲಾವಣೆಗೆ ಫ್ಯಾಕ್ಟರಿ ತೆಗೆದುಕೊಂಡದ್ದು ಇಪ್ಪತ್ತೆರಡು ವರ್ಷ, ಅವಳಿಗೆ ಒಂದು ವಾರ ಸಾಕಾಯಿತು. ತಿದ್ದದೆ ಬಿಟ್ಟ ಮೊದಲ ಎಂಟು ಮಾತ್ರ ಸರಿಯಿದ್ದವು. ಅವು ಸರಿಯಿದ್ದುದರಿಂದಲೇ ಅವಳಿಗೆ ತಪ್ಪೆನ್ನಿಸಿದ್ದು. ಮೂರು ಡಬ್ಬಗಳೂ ಈಗ ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿದ್ದವು.

ಪೇಟೆಯ ಹಣ್ಣು ತಂದು ಮತ್ತೊಮ್ಮೆ ಮಾಡಿದಳು. ಕಾರ್ಡಿನ ಪ್ರಕಾರವೇ ಮಾಡಿದಳು, ರುಚಿ ನೋಡಬಾರದೆಂದು ಹಲ್ಲು ಕಚ್ಚಿಕೊಂಡಳು, ಕೊನೆಗೆ ನೋಡಿಯೇ ಬಿಟ್ಟಳು. ನೀರು ನೀರಾದ ಹಣ್ಣು, ಹೆಸರಿಗೆ ಮಾತ್ರ ಸ್ಟ್ರಾಬೆರಿ, ಆದರೂ ಅವಳ ಬಾಯಿ ಒಪ್ಪಿತು. ಅಮ್ಮ ಮೂವತ್ತೈದು ಕಿಲೋಗೆ ಇಳಿದಿದ್ದಳು. ತಟ್ಟೆ ಹಿಡಿದು ಬಂದ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು.

"ನೀನು ರುಚಿ ನೋಡಿದ್ಯಾ?"

"ನೋಡಿದೆ."

"ಹೇಗಿದೆ?"

"ಸರಿಯಾಗಿದೆ ಅನ್ನಿಸ್ತು ಅಮ್ಮ."

ಅಮ್ಮ ಒಂದು ಮೂಲೆ ಮುರಿದಳು, ಅಗಿದಳು, ನುಂಗಿದಳು ಕೂಡ. "ಇದೇ ಕಣೇ" ಅಂದಳು. "ಇದೇ ನಮ್ಮದು. ತಟ್ಟೆ ಇಲ್ಲೇ ಇಟ್ಟು ಹೋಗು, ನಿಧಾನಕ್ಕೆ ತಿಂತೀನಿ. ನೀನು ಎದುರಿಗೆ ನಿಂತ್ರೆ ನನಗೆ ಪರೀಕ್ಷೆ ಬರೆದ ಹಾಗಾಗುತ್ತೆ."

ನಾಲಿಗೆ ಹೊರಗೆ ಬಂದು, ಅಮ್ಮ ತಿಂತಿದಾಳೆ ಎಂದು ಅಣ್ಣನಿಗೆ ಫೋನು ಮಾಡಿದಳು. ಮೂರು ದಿನ ತಟ್ಟೆ ಖಾಲಿಯಾಗಿ ಬಂತು. ನಾಲ್ಕನೆಯ ದಿನ ಅಮ್ಮನ ಹಾಸಿಗೆ ಕೊಡವುವಾಗ ದಿಂಬಿನ ಕೆಳಗಿಂದ ಇರುವೆಗಳ ಸಾಲೊಂದು ಹೊರಟಿತು. ಅದರ ಜಾಡು ಹಿಡಿದು ಹೋದರೆ ಮಂಚದ ಬದಿಯ ಡ್ರಾಯರು, ಡ್ರಾಯರಿನಲ್ಲಿ ನಾಲ್ಕು ಮಡಿಕೆಯ ಆರು ಕರವಸ್ತ್ರ, ಒಂದೊಂದರಲ್ಲೂ ಅರ್ಧರ್ಧ ಲಕೋಟೆ, ಅಚ್ಚುಕಟ್ಟಾಗಿ. ಇರುವೆಗಳಿಗೆ ವ್ಯತ್ಯಾಸ ಕಂಡುಬಂದಿರಲಿಲ್ಲ.

ಅಮ್ಮ ಕಿಟಕಿಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದವಳ ಹಾಗೆ ಉಸಿರಾಡಲು ಪ್ರಯತ್ನಪಡುತ್ತಿದ್ದಳು.

ನಾಲಿಗೆ ಕರವಸ್ತ್ರಗಳನ್ನು ನೆನೆಹಾಕಿ, ಫ್ರಿಜ್ಜಿನಿಂದ ಬೆಳ್ಳಿಹಾಳೆಯ ಪೊಟ್ಟಣ ತೆಗೆದಳು. ಕಾಲು ತುಂಡು ಟೋಸ್ಟರಿನ ಬಾಯೊಳಗೆ ನಿಲ್ಲಲಿಲ್ಲ, ಜಾರಿ ಕೆಳಗಿಳಿಯಿತು. ಅದನ್ನು ಫೋರ್ಕಿಗೆ ಸಿಕ್ಕಿಸಿ ಒಲೆಯ ಸಣ್ಣ ಉರಿಗೆ ದೂರದಿಂದ ಹಿಡಿದು, ತಿರುಗಿಸಿ ತಿರುಗಿಸಿ ಬಿಸಿ ಮಾಡಿದಳು. ನಲವತ್ತು ಎಣಿಸಿದಳು. ಜಾಮ್ ಒಂದಿಷ್ಟು ಬೆರಳಿಗೆ ಅಂಟಿತು. ನೆಕ್ಕದೆ, ನಲ್ಲಿಗೆ ಹಿಡಿದಳು.

ಅಮ್ಮ ಎದ್ದು ಕೂತಳು. ಮುರಿಯಲು ಇದ್ದದ್ದು ಒಂದೇ ಮೂಲೆ, ಮುರಿದಳು. ಒಂದು ಗೆರೆಯಷ್ಟು ಅಂಚಿತ್ತು, ಅದನ್ನು ತಿಂದಳು. ಆಮೇಲೆ ನಡುವಿನದು. ಒಂದು ಪುಡಿ ಹೊದಿಕೆಯ ಮೇಲೆ ಬಿದ್ದಿತ್ತು, ಬೆರಳು ಒದ್ದೆ ಮಾಡಿ ಅದನ್ನೂ ಎತ್ತಿಕೊಂಡಳು. ಕಣ್ಣು ಮುಚ್ಚಿ ಕೂತಿದ್ದವಳು ಕೇಳಿದಳು.

"ಇನ್ನೊಂದು ಇದೆಯಾ?"

ಐದು ತಿಂಗಳಲ್ಲಿ ಅಮ್ಮ ಯಾವುದಕ್ಕೂ ಇನ್ನೊಂದು ಕೇಳಿರಲಿಲ್ಲ.

"ಇದೆ" ಅಂದಳು ನಾಲಿಗೆ. "ತರ್ತೀನಿ, ಇರು."

ಅಡುಗೆಮನೆಯಲ್ಲಿ ಇದ್ದದ್ದು ಫ್ಯಾಕ್ಟರಿಯ ಪೊಟ್ಟಣ. ಬಿಚ್ಚಿ, ಒಂದನ್ನು ಟೋಸ್ಟರಿಗೆ ನಿಲ್ಲಿಸಿ, ಗುಂಡಿ ಒತ್ತಿದಳು. ಆಚೆ ಹೋಗಲಿಲ್ಲ, ಎದುರಿಗೇ ನಿಂತಳು. ಒಳಗಿನ ತಂತಿ ಕೆಂಪಾಯಿತು. ಸಕ್ಕರೆಯ ಲೇಪ ಬೆಚ್ಚಗಾಗಿ ವಾಸನೆ ಮೇಲೆದ್ದು ಕೋಣೆಯವರೆಗೂ ಹರಡಿತು. ಅವಳು ಬಾಗಿ ಮೂಗು ಹತ್ತಿರ ತಂದಳು. ಒಳ್ಳೆಯ ವಾಸನೆ. ಚಿಕ್ಕಂದಿನಿಂದ ಬಲ್ಲದ್ದು, ಹೇಗಿರಬೇಕೋ ಹಾಗೇ.

"ಅದಲ್ಲ ಕಣೇ" ಎಂದಳು ಅಮ್ಮ ಕೋಣೆಯಿಂದ, ಬೇಸರವಿಲ್ಲದ ದನಿಯಲ್ಲಿ. "ಇರಲಿ ಬಿಡು. ಟೋಸ್ಟರ್ ಆರಿಸು."